ನಡುಗುವ ಕಾರಿನಲ್ಲಿ ಹನ್ನೊಂದು ಚಮಚ

ಫೆಬ್ರವರಿ 2, ಸೋಮವಾರ. ಸಂಜೆ 5:10

ಹನ್ನೊಂದು ಚಮಚ. ನಿನ್ನೆ ಒಂಬತ್ತು. ಮೇಲೆ ಅರ್ಧ ಬಾಳೆಹಣ್ಣು — ಅದರಲ್ಲಿ ಒಂದು ಪಾಲು ನನ್ನ ಯೂನಿಫಾರ್ಮ್ ತೋಳಿಗೆ. ಇರಲಿ, ಒಗೆದ್ರೆ ಹೋಗುತ್ತೆ.

ಶಿಫ್ಟ್ ಮುಗಿಸಿ ಎರಡೂವರೆಗೆ ಮನೆ ಮುಟ್ಟಿದೆ. ಇವರು ಚಪ್ಪಲಿ ಮೆಟ್ಟಿಕೊಂಡೇ ಬಾಗಿಲಲ್ಲಿ ನಿಂತಿದ್ರು. ಶನಿವಾರ ಭಾನುವಾರ ಬಿಟ್ಟು ದಿನಾ ಮೂರಕ್ಕೆ ರೈಲ್ವೆ ಸ್ಟೇಷನ್ನಲ್ಲಿ ಟಿಕೆಟ್ ಕೌಂಟರ್ ತೆಗೀಬೇಕು. ನಾವು ಗಂಡ ಹೆಂಡತಿ ಅನ್ನೋದು ದಿನಕ್ಕೆ ಆ ಎರಡೇ ನಿಮಿಷ. "ಸ್ನಾನ ಆಯ್ತು, ಮಾತ್ರೆ ಆಯ್ತು, ಊಟ ಇಲ್ಲ, ಉಗುಳಿದ್ಲು." ಅಂದ್ರು. ಹೊರಟ್ರು.

ಆಮೇಲೆ ನನ್ನ ಡ್ಯೂಟಿ. ಅತ್ತೆನ ಕಾರಿನ ಮುಂದಿನ ಸೀಟಿಗೆ ಹತ್ತಿಸೋದು. ಬೀದಿ ಕೊನೇ ಮರದ ಕೆಳಗೆ ನಿಲ್ಲಿಸೋದು. ಎಸಿಗೋಸ್ಕರ ಎಂಜಿನ್ ಆನ್ ಇಟ್ಟು ಡಬ್ಬಿ ಬಿಚ್ಚೋದು. ಮೆತ್ತಗೆ ಬೇಯಿಸಿದ ಅನ್ನ, ಹಾಲು, ಒಂದು ಹರಳು ಉಪ್ಪು. ಮೂರು ತಿಂಗಳಿಂದ ಇದೇ ನಮ್ಮ ಊಟದ ಮನೆ. ಆಸ್ಪತ್ರೆಯಿಂದ ಬರ್ತಾ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡಾಗ ಸುಮ್ನೆ ಬಾಯಿಗೆ ಹಣ್ಣು ಹಿಡಿದೆ, ಗಬಕ್ಕನೆ ತಿಂದ್ರು. ಅಲ್ಲಿಂದ ಶುರು. ಮನೇಲಿ ಜಪ್ಪಯ್ಯ ಅಂದ್ರೂ ಬಾಯಿ ಬಿಡಲ್ಲ. ಕಾರಲ್ಲಿ ಬಿಡ್ತಾರೆ.

ಶನಿವಾರ ಕ್ಲಿನಿಕ್ಕಿನ ತೂಕ 39.2. ಡಾಕ್ಟರು ಮೆತ್ತಗೇ ಹೇಳಿದ್ರು. "ಮೂವತ್ತೆಂಟಕ್ಕಿಂತ ಕೆಳಗೆ ಬಂದ್ರೆ ಅಡ್ಮಿಟ್ ಮಾಡಿ ಮೂಗಿಂದ ಟ್ಯೂಬ್ ಹಾಕ್ಬೇಕಾಗುತ್ತೆ. ಇವರು ಕಿತ್ಕೊಳ್ತಾರೆ. ಅದಕ್ಕೆ ಕೈ ಎರಡೂ ಮಂಚಕ್ಕೆ ಕಟ್ಟಿಡಬೇಕಾಗುತ್ತೆ. ನಿಮಗೆ ಮೊದಲೇ ಗೊತ್ತಿರಲಿ ಅಂತ."

ಆ ಕೈ ಕಟ್ಟಿಡೋದಾ? ಇಪ್ಪತ್ತೆರಡು ವರ್ಷ ಒಬ್ಬರೇ ಹಿಟ್ಟಿನ ಗಿರಣಿ ನಡೆಸಿದ ಕೈ ಅದು.

ಕಾರು ಯಾಕೋ ಜಾಸ್ತಿ ನಡುಗ್ತಿದೆ. ನೋಡಬೇಕು. ಯಾವಾಗ ನೋಡೋದು.

ಫೆಬ್ರವರಿ 4, ಬುಧವಾರ. ಸಂಜೆ 6

ಹತ್ತು ಚಮಚ.

ನಾದಿನಿ ಫೋನು. ದೂರದಲ್ಲಿ ಕೂತು ಸಲಹೆ ಕೊಡೋಕೆ ಬಾಯಿ ನೋಯುತ್ತಾ? "ಅತ್ತಿಗೇ, ಅಮ್ಮಂಗೆ ಮನೇಲೇ ಕೂರ್ಸಿ ತಿನ್ಸಿ. ಬೀದೀಲಿ ಕಾರಲ್ಲಿ ಕೂರ್ಸಿ ತಿನ್ಸೋದಾ? ನೋಡಿದೋರು ಏನಂತಾರೆ?" ನೋಡಿದೋರು ಬಂದು ಒಂದು ಚಮಚ ತಿನ್ನಿಸಿ ಹೋಗಲಿ. ಹೇಳಲಿಲ್ಲ. "ಆಯ್ತಮ್ಮ" ಅಂದೆ.

ಹೋದ ತಿಂಗಳು ಮೂರು ದಿನ ಬಂದಿದ್ಲು. ಊಟದ ಮೇಜಿನ ಮುಂದೆ ಕೂರಿಸಿಕೊಂಡು ಅಮ್ಮಾ ಅಮ್ಮಾ ಅಂತ ಗೋಗರೆದ್ಲು. ಅತ್ತೆ ಅವಳ ಅಂಗೈಗೇ ಉಗುಳಿದ್ರು. "ಸಾಲಲ್ಲಿ ನಿಂತ್ಕೋ" ಅಂತ ಗದರಿದ್ರು. ಮರೆವಿನ ಕಾಯಿಲೆ ಹತ್ತಿದಮೇಲೆ ಅವರಿಗೆ ನಾವೆಲ್ಲ ಗಿರಣಿ ಗಿರಾಕಿಗಳು. ಮಗ, ಮಗಳು, ಡಾಕ್ಟರು, ಯಾರು ಬಂದ್ರೂ ಒಂದೇ ಪ್ರಶ್ನೆ: "ಸಣ್ಣಗಾ, ತರಿನಾ?" ಹೊರಡುವಾಗ ನಾದಿನಿ ಕಣ್ಣು ಒರೆಸ್ಕೊಂಡು, "ನಿಮ್ಮ ಕೈಯೇ ಆಗ್ಬೇಕು ಅತ್ತಿಗೇ ಅಮ್ಮಂಗೆ" ಅಂದ್ಲು.

ಯಾರು ಓದ್ತಾರೆ, ಬರೆದೇಬಿಡ್ತೀನಿ. ಆ ಮಾತು ಕೇಳಿ ಖುಷಿ ಆಯ್ತು. ಇಪ್ಪತ್ತಾರು ವರ್ಷ ಈ ಮನೇಲಿ ಬೇಯಿಸಿ ಬಡಿಸಿದೀನಿ. ಒಂದು ದಿನ ಚೆನ್ನಾಗಿದೆ ಅಂದಿಲ್ಲ ಈ ಹೆಂಗಸು. ಮೊದಲ ತುತ್ತು ಬಾಯಿಗಿಟ್ಟು, "ಉಪ್ಪು" ಅನ್ನೋದು. ಜಾಸ್ತಿನೋ ಕಮ್ಮಿನೋ ಅದೂ ಹೇಳಲ್ಲ. ನಾನು ಸ್ಪ್ಯಾನರ್ ಹಿಡಿಯೋ ಕೆಲಸಕ್ಕೆ ಸೇರಿದಾಗ ಒಂದು ವರ್ಷ ನಾನು ಮುಟ್ಟಿದ ನೀರೂ ಗ್ರೀಸ್ ನಾತ ಅಂತಿದ್ರು. ಈಗ ಲೋಕದಲ್ಲಿರೋ ಅಷ್ಟೂ ಕೈಗಳಲ್ಲಿ ನನ್ನದೊಂದೇ ಆಗುತ್ತೆ. ಬುದ್ಧಿ ಹೋದಮೇಲೆ ಬುದ್ಧಿ ಬಂತು ನೋಡಿ ಅಂತ ಇವರಿಗೆ ಹೇಳಿದೆ. ನಗಲಿಲ್ಲ. ಅವರಮ್ಮ ಅಲ್ವಾ.

ಫೆಬ್ರವರಿ 7, ಶನಿವಾರ. ಸಂಜೆ 4:30

ಎಂಟು ಚಮಚ. ತೂಕ 39.3. ತಕ್ಕಡಿ ಮೇಲೆ ನಿಂತು ನರ್ಸಿಗೆ, "ನಿನ್ ತೂಕದ ಕಲ್ಲು ಸುಳ್ಳು" ಅಂದ್ರು. ನರ್ಸ್ ನಕ್ಕಳು.

ಕಾರಿನ ನಡುಕ ಅತಿ ಆಯ್ತು. ಚಮಚ ಬಾಯಿಗಿಟ್ರೆ ಅವರ ಹಲ್ಲಿಗೆ ಟಕಟಕ ಬಡಿಯುತ್ತೆ. ಸಿಗ್ನಲಲ್ಲಿ ನಿಂತ್ರೆ ಚಳಿಜ್ವರ ಬಂದೋರ ಹಾಗೆ ಗಡಗಡ. ಹಿಂದಿನ ಸೀಟಿನ ಬೆಲ್ಟ್ ಕೊಂಡಿ ತಾಳ ಹಾಕುತ್ತೆ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ನನ್ನನ್ನ ನೋಡೇ ಹೇಳಿರಬೇಕು. ಫ್ಯಾಕ್ಟರೀಲಿ ನೂರಾ ನಲವತ್ತು ಹೊಲಿಗೆ ಮಿಷಿನ್ ನನ್ನ ಜವಾಬ್ದಾರಿ. ಒಂದು ಸ್ವಲ್ಪ ಗುಂಯ್ ಅಂದ್ರೆ ಓಡ್ತೀನಿ. ಮನೆ ಕಾರು ಆರು ತಿಂಗಳಿಂದ ಅಳ್ತಿದೆ, ಕಿವಿಗೇ ಹಾಕ್ಕೊಂಡಿಲ್ಲ.

ಯೋಚನೆ ಮಾಡಿದ್ದು: ಓಡುವಾಗ ನಡುಕ ಇಲ್ಲ, ಅಂದ್ರೆ ಚಕ್ರದ ತೊಂದರೆ ಅಲ್ಲ. ನಿಂತಾಗ ಮಾತ್ರ. ಎಸಿ ಹಾಕಿದ್ರೆ ಜಾಸ್ತಿ. ಗೇರ್ ಡಿ ಇಂದ ಆರ್‌ಗೆ ಹಾಕಿದ್ರೆ ಒಳಗೆ ಯಾರೋ ಒದ್ದ ಹಾಗೆ ದಡ್. ಮೀಟರ್ ಮುಳ್ಳು ಅಲ್ಲಾಡ್ತಿಲ್ಲ, ಎಂಜಿನ್ ಒಂದೇ ಸಮ ಓಡ್ತಿದೆ. ಅದರ ಆರೋಗ್ಯಕ್ಕೇನೂ ಆಗಿಲ್ಲ. ಅದನ್ನ ಹಿಡ್ಕೊಂಡಿರೋದು ಹೋಗಿದೆ. ಎಂಜಿನ್ನಿಗೂ ಬಾಡಿಗೂ ಮಧ್ಯೆ ಕೂರೋ ರಬ್ಬರ್ ಮೌಂಟ್. ಹೊಲಿಗೆ ಮಿಷಿನ್ನಿನ ಕಾಲಿಗೆ ರಬ್ಬರ್ ಬಿಲ್ಲೆ ಇರುತ್ತಲ್ಲ, ಅದೇ ಕಥೆ. ಅದು ಸವೆದ್ರೆ ಸೂಜಿ ನಡುಗಲ್ಲ, ಮೇಜೇ ನಡುಗುತ್ತೆ.

ಫೆಬ್ರವರಿ 8, ಭಾನುವಾರ. ಬೆಳಿಗ್ಗೆ 11:30

ಬಾನೆಟ್ ಎತ್ತಿ ನೋಡಿದೆ. ಇವರನ್ನ ಡ್ರೈವರ್ ಸೀಟಿಗೆ ಕೂರಿಸಿದೆ. ಡ್ರೈವಿಂಗ್ ಬರಲ್ಲ ಇವರಿಗೆ. ಕಲೀರಿ ಅಂತ ಹತ್ತು ವರ್ಷದಿಂದ ಹೇಳ್ತಿದೀನಿ. "ಬ್ರೇಕ್ ಒತ್ತಿ ಹಿಡೀರಿ. ಬಿಡ್ಬೇಡಿ. ಡಿ ಹಾಕಿ. ಈಗ ಆರ್." "ಬ್ರೇಕ್ ಯಾವ್ದು?" "ಅಗಲವಾಗಿರೋದು!" "ಎರಡೂ ಅಗಲವಾಗೇ ಕಾಣ್ತಿದೆಯಲ್ಲೇ." ಅಯ್ಯೋ ಕರ್ಮ. ನಾನು ಕಾರಿನ ಮುಂದೆ ನಿಲ್ಲಲಿಲ್ಲ, ಪಕ್ಕಕ್ಕೇ ನಿಂತೆ. ಇನ್ನೂ ಬದುಕೋ ಆಸೆ ಇದೆ.

ಗೇರ್ ಬದಲಾಯಿಸಿದ ಹಾಗೆಲ್ಲ ಎಂಜಿನ್ ನಾಲ್ಕು ಬೆರಳು ಎತ್ತರ ಎಗರಿ ಕೂತ್ಕೊಳ್ತು. ಟಾರ್ಚ್ ಬಿಟ್ಟು ನೋಡಿದ್ರೆ ಬಲಗಡೆ ಮೌಂಟ್ ಒಡೆದು ಒಳಗಿನ ಎಣ್ಣೆ ಸೋರಿದೆ. ಗೇರ್‌ಬಾಕ್ಸ್ ಕಡೇದು ಸೀಳಿದೆ. ಕೆಳಗೆ ಎಂಜಿನ್ ಹಿಂದೆ ಮುಂದೆ ವಾಲದ ಹಾಗೆ ಹಿಡಿಯೋ ಸಣ್ಣ ಕೈ ಒಂದಿರುತ್ತೆ, ಅದರ ರಬ್ಬರ್ ಬೆರಳಿಗೆ ಪುಡಿಪುಡಿ ಬಂತು.

ಗ್ಯಾರೇಜಿನ ಯಜಮಾನರಿಗೆ ತೋರಿಸಿದೆ. "ಮೂರೂ ಹೋಗಿದೆ ಮೇಡಂ. ಹೀಗೇ ಓಡ್ಸಿದ್ರೆ ಇನ್ನೊಂದು ತಿಂಗಳಲ್ಲಿ ಸೈಲೆನ್ಸರ್ ಪೈಪ್ ಸೀಳುತ್ತೆ. ಎರಡು ದಿನ ಬಿಟ್ಟು ಹೋಗಿ." ಎರಡು ದಿನ ಬಿಟ್ರೆ ಎರಡು ದಿನ ಊಟ ಇಲ್ಲ. ಅದನ್ನ ಹೇಗೆ ಹೇಳೋದು? "ನಾನೇ ಮಾಡ್ಕೋತೀನಿ, ಪಾರ್ಟ್ ತರಿಸ್ಕೊಡಿ, ಜ್ಯಾಕ್ ಕೊಡಿ" ಅಂದೆ. ಮೇಲಿಂದ ಕೆಳಗೆ ನೋಡಿದ್ರು. ಕೊಡ್ತೀನಿ ಅಂದ್ರು.

ಫೆಬ್ರವರಿ 15, ಭಾನುವಾರ. ಸಂಜೆ 6:20

ಸೊಂಟ ಬಿದ್ದುಹೋಗಿದೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದ್ದು, ಮುಗಿದಾಗ ಎರಡು.

ಎಂಜಿನ್ ತಳದ ಎಣ್ಣೆ ತೊಟ್ಟಿ ಕೆಳಗೆ ಮರದ ಹಲಗೆ, ಹಲಗೆ ಕೆಳಗೆ ಜ್ಯಾಕ್. ಎಂಜಿನ್ನಿನ ಭಾರ ಜ್ಯಾಕ್ ತಗೊಳ್ಳೋವರೆಗೆ ಇಷ್ಟಿಷ್ಟೇ ಎತ್ತೋದು. ಅವಸರ ಮಾಡಿದ್ರೆ ತೊಟ್ಟಿ ಚಪ್ಪಟೆ. ಬಲಗಡೆ ಬೋಲ್ಟ್ ಮೂರು ಸಲೀಸಾಗಿ ಬಂತು. ನಾಲ್ಕನೇದು ಬರಲ್ಲ ಅಂತು. ತುಕ್ಕು ಬಿಡೋ ಎಣ್ಣೆ ಸುರಿದು ಅರ್ಧ ಗಂಟೆ ಕಾದೆ. ಸ್ಪ್ಯಾನರ್‌ಗೆ ಪೈಪ್ ತೂರಿಸಿ ನಾನೂ ಇವರೂ ನೇತಾಡಿದ್ವಿ. ಟಣ್ ಅಂತ ಬಿಡ್ತು. ಇವರು ಹಾಗೇ ಹಿಂದಕ್ಕೆ ಉರುಳಿದ್ರು.

ಅತ್ತೆ ಗೇಟಿನ ಹತ್ತಿರ ಕುರ್ಚೀಲಿ ಕೂತು ಉಸ್ತುವಾರಿ. ಹಾದಿಹೋಕರಿಗೆಲ್ಲ, "ಮಿಷಿನ್ ಕೆಟ್ಟಿದೆ, ನಾಳೆ ಬಾ" ಅಂತ ಹೇಳಿ ಕಳಿಸ್ತಿದ್ರು. ಅದೊಂದು ಸರಿಯಾಗೇ ಹೇಳಿದ್ರು.

ಮೂರೂ ಹೊಸದು ಕೂರಿಸಿದೆ. ಜ್ಯಾಕ್ ಮೇಲಿದ್ದ ಹಾಗೇ ಬೋಲ್ಟ್ ಎಲ್ಲ ಬಿಗಿ ಮಾಡಿದೆ. ಇಳಿಸಿದೆ. ಸ್ಟಾರ್ಟ್.

ನಡುಕ ಹೋಗಿಲ್ಲ. ಕಮ್ಮಿ ಆಗಿದೆ, ಆದ್ರೆ ಹೋಗಿಲ್ಲ. ಸೀಟಿನಲ್ಲಿ ಒಂದು ಗುರ್ ಅನ್ನೋದು ಹಾಗೇ ಇದೆ. ಕೂತು ಅಳೋಣ ಅನ್ನಿಸ್ತು. ಊಟಕ್ಕೆ ಹೊತ್ತಾಗಿತ್ತು, ಅಳೋಕೂ ಪುರಸೊತ್ತಿಲ್ಲ.

ಅತ್ತೆ ಒಂಬತ್ತು ಚಮಚ.

ಫೆಬ್ರವರಿ 16, ಸೋಮವಾರ. ಸಂಜೆ 5

ಗ್ಯಾರೇಜಿಗೆ ಫೋನ್ ಮಾಡಿದೆ. ಯಜಮಾನರು ಕೇಳಿದ್ದು ಒಂದೇ ಮಾತು. "ಬಿಗಿ ಮಾಡಿದ್ದು ಯಾವಾಗ? ಎತ್ತಿದ್ದಾಗ್ಲೋ ಇಳಿಸಿದ್ಮೇಲೋ?"

ಎತ್ತಿದ್ದಾಗ.

"ಅಷ್ಟೇ ಮತ್ತೆ. ರಬ್ಬರ್ ತಿರುಚ್ಕೊಂಡೇ ಕೂತಿದೆ. ಬೋಲ್ಟ್ ಸಡಿಲ ಬಿಟ್ಟು, ಇಳಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಡಿ ಆರ್ ಎರಡು ಸಲ ಹಾಕಿ. ತನಗೆ ಎಲ್ಲಿ ಬೇಕೋ ಅಲ್ಲಿ ತಾನೇ ಕೂರುತ್ತೆ. ಆಫ್ ಮಾಡಿ ಆಮೇಲೆ ಬಿಗೀರಿ. ಕೂರೋಕೆ ಮುಂಚೆ ಬಿಗಿದ್ರೆ ಹೊಸಾದೂ ಹಳೇದೇ."

ಇಪ್ಪತ್ತು ವರ್ಷ ಮಿಷಿನ್ ಬಿಚ್ಚಿ ಕಟ್ಟಿದವಳು ನಾನು. ನಾಚಿಕೆ ಆಯ್ತು. ಈ ವಾರ ಆಗಲ್ಲ, ಭಾನುವಾರ ನೋಡೋಣ.

ಹನ್ನೊಂದು ಚಮಚ.

ಫೆಬ್ರವರಿ 22, ಭಾನುವಾರ. ಮಧ್ಯಾಹ್ನ 3

ಆಯ್ತು! ನಿನ್ನೆ ತೂಕ 39.4. ಇವತ್ತು ಕಾರು ಬೆಣ್ಣೆ.

ಸಡಿಲ ಬಿಟ್ಟೆ, ಇಳಿಸಿದೆ, ಸ್ಟಾರ್ಟ್ ಮಾಡಿದೆ. ಎಂಜಿನ್ ಒಂದು ಸಲ ಮೈ ಕೊಡವಿ ಕೂತ್ಕೊಳ್ತು. ಕಣ್ಣಲ್ಲೇ ಕಾಣ್ತು. ಆಫ್ ಮಾಡಿ ಬಿಗಿದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಆನ್ ಆಗಿದೆಯೋ ಇಲ್ಲವೋ ಅಂತ ಇವರು ಎರಡು ಸಲ ಕೀ ತಿರುಗಿಸೋಕೆ ಹೋದ್ರು, ಕೈ ಮೇಲೆ ಹೊಡೆದೆ. ಬಾನೆಟ್ ಮೇಲೆ ನೀರಿನ ಲೋಟ ಇಟ್ಟು ತೋರಿಸಿದೆ. ನೀರು ಅಲ್ಲಾಡಲ್ಲ. ಇವರು ಚಪ್ಪಾಳೆ ತಟ್ಟಿದ್ರು. ಯಾರಾದ್ರೂ ನನಗೆ ಚಪ್ಪಾಳೆ ತಟ್ಟಿ ಎಷ್ಟು ವರ್ಷ ಆಗಿತ್ತೋ.

ಉತ್ಸಾಹಕ್ಕೆ ಸೀಟ್ ಕವರ್ ಎಲ್ಲ ಬಿಚ್ಚಿ ಒಗೆದು ಹಾಕಿದೆ. ಮೂರು ತಿಂಗಳ ಹಾಲು ಅನ್ನದ ವಾಸನೆ. ನಮ್ಮ ಮರದ ಕೊಂಬೆ ಎಲ್ಲ ಕರೆಂಟಿನವರು ಕಡಿದು ಹಾಕಿದಾರೆ, ನೆರಳಿಲ್ಲ. ಇವತ್ತಿಂದ ಲೈಬ್ರರಿ ಗೋಡೆ ಪಕ್ಕ ನಿಲ್ಲಿಸ್ತೀನಿ.

ಊಟ ಎರಡೇ ಚಮಚ. ದಣಿದಿರಬೇಕು.

ಫೆಬ್ರವರಿ 23

ಸೊನ್ನೆ. ಬಾಗಿಲ ಹಿಡಿ ಎಳೀತಾ ಕೂತಿದ್ರು. "ಮನೆಗೆ ಹೋಗ್ಬೇಕು, ಹೊತ್ತಾಯ್ತು."

ಫೆಬ್ರವರಿ 24

ಎರಡು. ಒಂದು ಉಗುಳಿದ್ರು.

ಫೆಬ್ರವರಿ 25

ಸೊನ್ನೆ. ನನ್ನ ಕೈ ತಳ್ಳಿದ್ರು. ಜೋರಾಗಿ. ಡಬ್ಬಿ ಬಿತ್ತು. "ಥೂ, ಯಾರೇ ನೀನು?" ಅಂದ್ರು.

ರೇಗಿದೆ ಇವತ್ತು. ಕಿರುಚಿಬಿಟ್ಟೆ. ಲೈಬ್ರರಿಯಿಂದ ಒಬ್ಬರು ಕಿಟಕಿ ತೆಗೆದು ನೋಡಿದ್ರು. ಅತ್ತೆ ಸೀಟಿನ ಮೂಲೆಗೆ ಮುದುಡಿಕೊಂಡು ಪಿಳಿಪಿಳಿ ನೋಡ್ತಿದ್ರು. ಆಮೇಲೆ ಅಂಗೈ ಹಿಡ್ಕೊಂಡು ಸಾರಿ ಸಾರಿ ಅಂದೆ. ಯಾರಿಗೆ ಹೇಳ್ತಿದೀನಿ ಅಂತ ನನಗೇ ಗೊತ್ತಿಲ್ಲ.

ಫೆಬ್ರವರಿ 28, ಶನಿವಾರ. ಸಂಜೆ 4

38.5. ಒಂದೇ ವಾರದಲ್ಲಿ.

ಡಾಕ್ಟರು ಗಂಟಲು ನೋಡಿದ್ರು, ಹಲ್ಲು ನೋಡಿದ್ರು, ಏನೂ ಇಲ್ಲ. "ಈ ಕಾಯಿಲೇನೇ ಹೀಗೆ ಅಮ್ಮ. ಒಂದು ಹಂತ ದಾಟಿದ್ರೆ ಊಟ ಅನ್ನೋದೇ ಮರೆತುಹೋಗುತ್ತೆ." ವಾರ್ಡಿನ ಫಾರಂ ಕೈಗೆ ಕೊಟ್ಟು, ಮನೇಲಿ ಓದಿಟ್ಟಿರಿ ಅಂದ್ರು. ನಾಲ್ಕನೇ ಸಾಲು: ರೋಗಿಯ ಕೈಗಳನ್ನು ಬಂಧಿಸಲು ನಮ್ಮ ಒಪ್ಪಿಗೆ ಇದೆ. ಕೆಳಗೆ ಸಹಿಗೆ ಗೀಟು.

ಇವರು ಫಾರಂ ಓದಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಇಪ್ಪತ್ತು ನಿಮಿಷ ಆಚೆ ಬರಲಿಲ್ಲ.

ಮಾರ್ಚ್ 1, ಭಾನುವಾರ. ಬೆಳಿಗ್ಗೆ 10

ಅಳೋದು ಬಿಟ್ಟು ಕೆಲಸಗಾರ್ತಿ ಹಾಗೆ ಯೋಚನೆ ಮಾಡು ಅಂತ ನನಗೆ ನಾನೇ ಬೈಕೊಂಡೆ.

ಕಾಯಿಲೆ ಒಂದೇ ದಿನದಲ್ಲಿ ಹಂತ ದಾಟುತ್ತಾ? 21ಕ್ಕೆ ಹತ್ತು ಚಮಚ, 23ಕ್ಕೆ ಸೊನ್ನೆ. ನಡುವೆ ಇದ್ದದ್ದು ಭಾನುವಾರ. ಆ ದಿನ ಏನು ಬದಲಾಯಿಸಿದೆ? ಸೀಟ್ ಕವರ್ ಒಗೆದೆ. ಜಾಗ ಬದಲಾಯಿಸಿದೆ. ಮೌಂಟ್ ಸರಿ ಮಾಡಿದೆ.

ಫ್ಯಾಕ್ಟರೀಲಿ ಹೊಸಬರಿಗೆ ನಾನು ಮೊದಲು ಹೇಳಿಕೊಡೋದೇ ಇದು: ಒಂದು ಸಲಕ್ಕೆ ಒಂದೇ ತಿರುಪು ಮುಟ್ಟು. ಮೂರು ಒಟ್ಟಿಗೆ ತಿರುಗಿಸಿದ್ರೆ ಯಾವುದರಿಂದ ಕೆಟ್ಟಿದ್ದು ಅಂತ ನಿಮ್ಮಪ್ಪಾಣೆ ಗೊತ್ತಾಗಲ್ಲ. ಅದನ್ನೇ ನಾನು ಮಾಡಿದೀನಿ. ಸುಮ್ನೆ ಇರಲಾರದೆ ಇರುವೆ ಬಿಟ್ಕೊಂಡೆ.

ಒಂದೊಂದೇ ವಾಪಸ್ ಹಾಕಿ ನೋಡ್ತೀನಿ. ಮೊದಲು ಜಾಗ.

ಮಾರ್ಚ್ 2

ಬೋಳು ಮರದ ಕೆಳಗೆ, ಬಿಸಿಲಲ್ಲೇ. ಒಂದು ಚಮಚ. ಜಾಗ ಅಲ್ಲ.

ಮಾರ್ಚ್ 3

ಒಗೆದ ಕವರ್ ತೆಗೆದೆ. ಅವರದೇ ಹಳೇ ದುಪ್ಪಟಿ, ಅವರದೇ ಮಂಚದ್ದು, ಸೀಟಿಗೆ ಹಾಸಿದೆ. ಸೊನ್ನೆ. ಕವರ್ ಅಲ್ಲ.

ಉಳಿದಿದ್ದು ಒಂದೇ. ನಗು ಬಂತು. ನಡುಕ ಇದ್ರೆ ಯಾರಾದ್ರೂ ಊಟ ಮಾಡ್ತಾರಾ?

ಮಾರ್ಚ್ 5, ಗುರುವಾರ. ಮಧ್ಯಾಹ್ನ 3:40

ಬೆಳಿಗ್ಗೆ ಫ್ಯಾಕ್ಟರೀಲಿ ತಲೆ ಚಿಟ್ಟು ಹಿಡಿಯೋ ಹಾಗೆ ಇದೇ ಯೋಚನೆ. ಮನೇಲಿ ನಡುಗೋದು ಏನಿದೆ? ಹೊಲಿಗೆ ಮಿಷಿನ್ ನಡುಗಲ್ಲ, ನಾನು ಸರ್ವಿಸ್ ಮಾಡಿ ಕೆಟ್ಟೆ. ಬಟ್ಟೆ ಒಗೆಯೋ ಮಿಷಿನ್ ಇದೆ.

ಇವರನ್ನೂ ತಡೆದು ನಿಲ್ಲಿಸಿದೆ. "ಹತ್ತು ನಿಮಿಷ ಲೇಟಾಗಿ ಹೋಗಿ, ಯಾರೂ ರೈಲು ನಿಲ್ಲಿಸಲ್ಲ." ಅತ್ತೆ ಕುರ್ಚೀನ ಮಿಷಿನ್ನಿಗೆ ಒತ್ತರಿಸಿ ಇಟ್ಟು, ಬೆನ್ನು ತಾಗಿಸಿ ಕೂರಿಸಿದೆ. ಸ್ಪಿನ್ ಹಾಕಿದೆ. ಮಿಷಿನ್ ಗಡಗಡ ಶುರು ಮಾಡ್ತು. ಅತ್ತೆ ಮುಖ ನೋಡ್ತಾ ನಿಂತೆ. ಭುಜ ಇಳೀತು. ಕೈ ಮಡಿಲಿಗೆ ಬಂತು. ಒಂದು ದೊಡ್ಡ ಉಸಿರು ಬಿಟ್ರು. ಬಾಯಿ ತೆಗೆದ್ರು!

ಒಂದು. ಎರಡು. ಮೂರು. ನಾಲ್ಕು. ಐದು. ಸ್ಪಿನ್ ನಿಂತುಹೋಯ್ತು, ಬೀಪ್ ಅಂತು, ಅತ್ತೆ ಬೆಚ್ಚಿಬಿದ್ದು ಕಿರುಚಿದ್ರು. ಬಾಯಿ ಶಟರ್ ಎಳೆದ ಹಾಗೆ ಬಂದ್. ಮತ್ತೆ ಹಾಕಿದೆ. ಬೀಪಿಗೆ ಹೆದರಿ ಕುರ್ಚಿಯಿಂದ ಎದ್ದೇಬಿಟ್ರು, ಜಾರಿ ಬೀಳೋದರಲ್ಲಿದ್ರು. ಇದು ದಿನಾ ಆಗೋ ಕೆಲಸ ಅಲ್ಲ. ಆದ್ರೆ ಗೊತ್ತಾಯ್ತು.

ಇವರು ಗೋಡೆಗೆ ಒರಗಿ ನಿಂತಿದ್ರು. "ಅಮ್ಮ ಊಟ ಮಾಡ್ತಿದ್ದಿದ್ದೇ ಹಾಗಲ್ವಾ," ಅಂದ್ರು. "ಗಿರಣಿ ಮಧ್ಯಾಹ್ನ ನಿಲ್ಲಿಸ್ತಿರಲಿಲ್ಲ. ಸಾಲು ಕರಗೋದೇ ಇಲ್ಲ. ಮಿಷಿನ್ನಿನ ಗಡಗಡ ನಡುಗೋ ಮರದ ಕಟ್ಟೆ ಮೇಲೆ ಕೂತೇ ಡಬ್ಬಿ ತೆಗೀತಿದ್ಲು. ಭಾನುವಾರ ಮನೇಲಿ ಊಟ ಸೇರ್ತಿರಲಿಲ್ಲ ಅವಳಿಗೆ. ಮನೆ ಸುಮ್ನಿರುತ್ತೆ, ಗಂಟಲಲ್ಲಿ ಇಳಿಯಲ್ಲ ಅಂತಿದ್ಲು."

"ಇದನ್ನ ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ. ನಿನ್ನ ಕೈ ಗುಣ ಅಂತ ನಾವೆಲ್ಲ ಅಂದ್ಕೊಂಡಿದ್ವಲ್ಲ."

ಮಾರ್ಚ್ 6, ಶುಕ್ರವಾರ. ಬೆಳಿಗ್ಗೆ 5:15

ಶಿಫ್ಟಿಗೆ ಹೊರಡೋಕೆ ಮುಂಚೆ ಎರಡು ಸಾಲು.

ನನ್ನ ಕೈ ಅಲ್ಲ. ನಾನು ಇಲ್ಲದಿದ್ರೂ ನಡೀತಿತ್ತು. ಒಡೆದುಹೋದ ಮೂರು ರಬ್ಬರ್ ತುಂಡು ಮಾಡಿದ ಕೆಲಸಕ್ಕೆ ನಾನು ಮೂರು ತಿಂಗಳು ಬೀಗಿದೆ. ಇಪ್ಪತ್ತಾರು ವರ್ಷಕ್ಕೆ ಒಂದು ಮರ್ಯಾದೆ ಸಿಕ್ತು ಅಂದ್ಕೊಂಡಿದ್ದೆ. ಅದೂ ನನ್ನದಲ್ಲ. ತುಂಬಾ ನೋವಾಯ್ತು. ಐವತ್ತು ವರ್ಷದ ಹೆಂಗಸು, ಎಂಜಿನ್ ಮೇಲೆ ಹೊಟ್ಟೆಕಿಚ್ಚು ಪಡ್ತಿದೀನಿ. ಹೇಳಿದ್ರೆ ಜನ ನಗ್ತಾರೆ.

ಬಸ್ಸಿಗೆ ಹೊತ್ತಾಯ್ತು.

ಮಾರ್ಚ್ 7, ಶನಿವಾರ

38.1.

"ಮುಂದಿನ ಶನಿವಾರ ನೋಡಿ ಡಿಸೈಡ್ ಮಾಡೋಣ" ಅಂದ್ರು ಡಾಕ್ಟರು. ಫಾರಂ ತಂದಿದೀರಾ ಅಂದ್ರು. ಮರೆತೆ ಅಂದೆ. ಬ್ಯಾಗಲ್ಲೇ ಇತ್ತು.

ಮಾರ್ಚ್ 8, ಭಾನುವಾರ. ಸಂಜೆ 5:30

ಮತ್ತೆ ಜ್ಯಾಕ್ ಕೇಳೋಕೆ ಗ್ಯಾರೇಜಿಗೆ ಹೋದೆ. ಯಜಮಾನರು, "ಇನ್ನೂ ನಡುಗ್ತಿದೆಯಾ?" ಅಂದ್ರು. "ಇಲ್ಲ. ನಡುಗಿಸ್ಬೇಕು" ಅಂದೆ. ಚಹಾ ಲೋಟ ಕೈಯಲ್ಲೇ ಉಳೀತು. ಇಂಗು ತಿಂದ ಮಂಗನ ಹಾಗೆ ನೋಡಿದ್ರು. ಎಲ್ಲ ಹೇಳಿದೆ. ಮುಚ್ಚಿಟ್ಟು ಏನಾಗಬೇಕು.

ಲೋಟ ಕೆಳಗಿಟ್ರು. ಆಮೇಲೆ, "ಮೂವತ್ತು ವರ್ಷದಲ್ಲಿ ಸರಿ ಇರೋದನ್ನ ಕೆಡಿಸಿಕೊಡಿ ಅಂತ ಯಾರೂ ಬಂದಿಲ್ಲ ಮೇಡಂ. ಮೇಲಿನವೆರಡು ಮುಟ್ಬೇಡಿ, ಅವು ಭಾರ ಹೊರೋದು. ಕೆಳಗಿನ ಕೈ ಒಂದನ್ನ ತಿರುಚಿ ಬಿಗೀರಿ. ಎಂಜಿನ್ ಬೀಳಲ್ಲ, ಸೀಟ್ ಮಾತ್ರ ನಡುಗುತ್ತೆ. ವರ್ಷಕ್ಕೊಂದು ರಬ್ಬರ್ ಹೋಗುತ್ತೆ, ಹೋಗ್ಲಿ," ಅಂದ್ರು. ಜ್ಯಾಕ್ ತಾವೇ ಹೊತ್ಕೊಂಡು ಬಂದು ಪಕ್ಕದಲ್ಲಿ ಕೂತ್ರು. ಮುಟ್ಟಲಿಲ್ಲ. "ಕೆಟ್ಟ ಕೆಲಸ ನಿಮ್ಮ ಕೈಯಲ್ಲೇ ಆಗ್ಲಿ."

ಬೋಲ್ಟ್ ಸಡಿಲಿಸಿ, ಎಂಜಿನ್ನಿಗೆ ಹಾರೆ ಕೊಟ್ಟು ಹಿಂದಕ್ಕೆ ಒತ್ತಿ ಹಿಡಿದು, ತಪ್ಪು ಜಾಗದಲ್ಲಿ ಬಿಗಿದೆ. ನನ್ನ ಕೈ ಒಪ್ಪಲ್ಲ. ಇಷ್ಟು ವರ್ಷ ಸರಿ ಮಾಡಿ ಅಭ್ಯಾಸವಾದ ಕೈ, ತಪ್ಪಿನ ಕಡೆ ತಿರುಗಿಸುವಾಗ ತಾನೇ ನಿಂತುಬಿಡುತ್ತೆ. ಎರಡು ಸಲ ಬಿಚ್ಚಿದೆ. ಮೂರನೇ ಸಲ ಕಣ್ಣು ಮುಚ್ಚಿ ಎಳೆದೆ.

ಸ್ಟಾರ್ಟ್ ಮಾಡಿದೆ. ಗುರ್ ಅಂತು. ಎಸಿ ಹಾಕಿದೆ. ಗಡಗಡ.

ಹದಿನಾಲ್ಕು ಚಮಚ. ಒಂದಾದಮೇಲೊಂದು. ಡಬ್ಬಿ ತಳ ಕೆರೆದೆ. ಯಜಮಾನರು ಗೇಟಿನ ಹೊರಗೆ ನಿಂತು ನೋಡಿ, ಜ್ಯಾಕ್ ತಗೊಂಡು ಹೋದ್ರು.

ಮಾರ್ಚ್ 14, ಶನಿವಾರ. ಸಂಜೆ 5

38.8!

ಡಾಕ್ಟರು ಎರಡು ಸಲ ತೂಗಿದ್ರು. ಫಾರಂ ಹರಿದು ಅವರ ಕಸದ ಬುಟ್ಟಿಗೇ ಹಾಕಿ ಬಂದೆ. ನೋಡಿದ್ರು, ತೂಕ ಬರ್ಕೊಂಡ್ರು.

ಆದ್ರೆ ನನ್ನ ಕಥೆ ಮುಗೀತು ಅನ್ನಿಸ್ತಿದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಎರಡೂವರೆಗೆ ಬಂದು, ಒಂದು ಗಂಟೆ ಕಾರಲ್ಲಿ ನಡುಗಿ, ಆಮೇಲೆ ಅಡುಗೆ, ಬಟ್ಟೆ. ಇವತ್ತು ಮೆಟ್ಟಿಲ ಮೇಲೆ ಕೂತವಳು ಏಳೋಕಾಗದೆ ಅಲ್ಲೇ ಕೂತಿದ್ದೆ. ಇವರು ನೋಡಿದ್ರು. "ನಾನು ತಿನ್ಸಿದ್ರೆ ತಿಂತಾಳೇನೋ ಈಗ?" ಅಂದ್ರು, ನೆಲ ನೋಡ್ತಾ.

ಒಂದು ಸಲಕ್ಕೆ ಒಂದೇ ತಿರುಪು. ನಾಳೆ ನೋಡೋಣ ಅಂದೆ.

ಮಾರ್ಚ್ 15, ಭಾನುವಾರ. ಮಧ್ಯಾಹ್ನ 1:50

ಅದೇ ಅನ್ನ, ಅದೇ ಚಮಚ, ಅದೇ ಸೀಟು, ಅದೇ ನಡುಕ. ಕೈ ಮಾತ್ರ ಬೇರೆ.

ಗೇಟಿನ ಮುಂದೆಯೇ ಕಾರು ನಿಲ್ಲಿಸಿ, ಸ್ಟಾರ್ಟ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಇವರ ಕೈಗೆ ಡಬ್ಬಿ ಕೊಟ್ಟೆ. ಪರೀಕ್ಷೆಗೆ ಹೋಗೋ ಮಗುವಿನ ಮುಖ. "ಉಗುಳಿದ್ರೆ?" "ಒರೆಸ್ಕೊಳ್ಳಿ." ಒಳಗೆ ಬಂದು ಅಡುಗೆಮನೆ ಕಿಟಕಿ ಪಕ್ಕ ನಿಂತೆ, ಕಾಣದ ಹಾಗೆ.

ಬರೀಲಾ ಬೇಡವಾ ಅಂತ ಪೆನ್ ಹಿಡ್ಕೊಂಡು ಕೂತಿದ್ದೆ. ಬರೀತೀನಿ. ತಿನ್ನಬಾರದು ಅಂತ ಬೇಡ್ಕೊಂಡೆ. ಕೈ ತಳ್ಳಲಿ, ನನ್ನನ್ನ ಹುಡುಕಲಿ ಅಂತ. ಹಸಿದ ಮುದುಕಿ ಹಸಿದೇ ಇರಲಿ ಅಂತ, ನಾನು. ಎಂಥ ಪಾಪಿ ಮನಸ್ಸು.

ಇವರು ಚಮಚ ಎತ್ತಿದ್ರು. ಅತ್ತೆ ಇವರ ಮುಖ ನೋಡಿದ್ರು. ಬಾಯಿ ತೆಗೆದ್ರು. ನುಂಗಿದ್ರು. ಮತ್ತೆ ತೆಗೆದ್ರು. ಇವರು ಗಾಜಿನ ಒಳಗಿಂದ ಬೆರಳು ಎತ್ತಿ ಎತ್ತಿ ಲೆಕ್ಕ ತೋರಿಸ್ತಿದ್ರು, ನಾನು ಕಿಟಕೀಲಿ ಇರೋದು ಗೊತ್ತಿತ್ತು ಅಂತ ಕಾಣುತ್ತೆ. ಹನ್ನೆರಡು. ಐವತ್ತೈದು ವರ್ಷದ ಗಂಡಸು, ಕಣ್ಣಲ್ಲಿ ನೀರು ಸುರೀತಿದೆ, ಹಲ್ಲು ಅಷ್ಟೂ ಕಾಣ್ತಿದೆ.

ನನಗೂ ಅಳು ಬಂತು. ಯಾತಕ್ಕೆ ಅಂತ ಕೇಳಬಾರದು.

ಒಳಗೆ ಬಂದು, "ಇನ್ಮೇಲೆ ಊಟದ್ದು ನಂದು," ಅಂದ್ರು. "ಡ್ಯೂಟಿಗೆ ಮುಂಚೆ ಒಂದು ಗಂಟೆಗೇ ಮುಗಿಸ್ತೀನಿ. ಕಾರು ಗೇಟಿನ ಹತ್ರಾನೇ ಬಿಟ್ಟು ಹೋಗು. ಸ್ಟಾರ್ಟ್ ಮಾಡೋದಷ್ಟೇ ಅಲ್ವಾ, ಕಲೀತೀನಿ. ನೀನು ಬಂದು ಮಲಕ್ಕೋ."

ಮಾರ್ಚ್ 16, ಸೋಮವಾರ. ಮಧ್ಯಾಹ್ನ 2:55

ಎರಡೂವರೆಗೆ ಬಂದೆ. ಅತ್ತೆ ಉಂಡು ಮಲಗಿದ್ರು. ಹನ್ನೊಂದು ಅಂತ ಇವರು ಬಾಗಿಲಲ್ಲಿ ಹೇಳಿ ಹೋದ್ರು. ನನಗೆ ಮಾಡೋಕೆ ಏನೂ ಇರಲಿಲ್ಲ. ನಡುಮನೇಲಿ ಸುಮ್ನೆ ನಿಂತಿದ್ದೆ. ಆಮೇಲೆ ಅತ್ತೆ ಮಂಚದ ಪಕ್ಕ ನೆಲಕ್ಕೆ ಚಾಪೆ ಹಾಕ್ಕೊಂಡೆ. ಇಷ್ಟು ಹೊತ್ತಲ್ಲಿ ಮಲಗಿ ಎಷ್ಟು ಕಾಲ ಆಯ್ತೋ. ಯೂನಿಫಾರ್ಮ್ ಕೂಡ ತೆಗೆದಿಲ್ಲ, ಮಲಗಿದಲ್ಲೇ ಬರೀತಿದೀನಿ, ಅಕ್ಷರ ಓರೆ ಆಗ್ತಿದೆ.

ನನ್ನ ಕೈಯೇ ಆಗಬೇಕು ಅಂತಿಲ್ಲ. ಇದನ್ನ ಬರೆದು ಎರಡು ಸಲ ಓದಿದೆ. ಮೊದಲ ಸಲ ಹೊಟ್ಟೆ ಉರೀತು. ಎರಡನೇ ಸಲ ಕಣ್ಣು ಎಳೀತು.

ಪಾತ್ರೆ ಹಾಗೇ ಇದೆ. ಇರಲಿ. ಐದೇ ನಿಮಿಷ ಕಣ್ಣು ಮುಚ್ಚಿ, ಆಮೇಲೆ ಎದ್ದು…